945 ಅಡಿಕೆ ಸಸಿ, ನಾಲ್ಕಕ್ಕೊಂದು ಜೆಟ್: ಭಾಜಕದ ಲೆಕ್ಕದಲ್ಲಿ ಒಂದು ಪ್ರಶ್ನೆ

ತೋಟದಮನೆ, ಪೆರ್ಲ

ತೋಟದ ವಿಷಯದಿಂದ ಶುರು ಮಾಡುತ್ತೇನೆ. ಆದರೆ ಪ್ರಶ್ನೆ ಗಣಿತದ್ದೇ.

ಗುಡ್ಡೆ ಸಮ ಮಾಡಿಸಿದ ಜಾಗದಲ್ಲಿ ಈ ಮಳೆಗಾಲ ಅಡಿಕೆ ಸಸಿ ನೆಡುವುದು ಅಂತ ಆಗಿದೆ. ಮನೆಯಲ್ಲೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಬ್ಬಿಸಿದ ಸಸಿಗಳು. ಸೊರಗಿದ್ದನ್ನು ಆಚೆ ಇಟ್ಟು ಎಣಿಸಿದಾಗ 945 ಸಿಕ್ಕಿತು. ಎಲ್ಲ ಸಾಲಿನಲ್ಲೂ ಒಂದೇ ಸಮ ಸಸಿ ಬರಬೇಕು. ಅಂದರೆ ಸಾಲಿಗೆ ಎಷ್ಟು ಸಸಿ ಅನ್ನುವ ಸಂಖ್ಯೆ 945ರ ಭಾಜಕ ಆಗಿರಬೇಕು. ಇಲ್ಲಿವರೆಗೆ ಕಷ್ಟ ಇಲ್ಲ.

ಇನ್ನು ನೀರು. ನಮ್ಮದು ಸುರಂಗದ ನೀರು. ಅದು ಕೆರೆಗೆ ಬೀಳುತ್ತದೆ, ಅಲ್ಲಿಂದ ಪಂಪು. 9 ಅಡಿಗೊಂದು ಸಸಿ, ನಾಲ್ಕು ಸಸಿಗೊಂದು ಜೆಟ್, ಅಂದರೆ ಸುತ್ತ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್. ಸಾಲಿನ ಮೊದಲ ಸಸಿಯ ಬುಡದಲ್ಲಿ ಒಂದು ಜೆಟ್, ಆಮೇಲೆ 5ನೇದು, 9ನೇದು, 13ನೇದು. ಕೊನೆಯ ಸಸಿಯ ಹತ್ತಿರವೂ ಜೆಟ್ ಬಂದು ನಿಂತರೆ ಅಂಚಿನ ಸಸಿಗೆ ನೀರು ಸಾಲದು ಅನ್ನುವ ತೊಂದರೆ ಇಲ್ಲ. ಹಾಗಾಗಬೇಕಾದರೆ ಸಾಲಿನ ಸಸಿಗಳ ಲೆಕ್ಕ 1, 5, 9, 13, 17, 21 ಹೀಗೆ ಹೋಗುವ ಸಮಾಂತರ ಶ್ರೇಢಿಯಲ್ಲೇ ಬೀಳಬೇಕು. 4ರಿಂದ ಭಾಗಿಸಿದರೆ 1 ಉಳಿಯಬೇಕು, ಅಷ್ಟೆ.

ನಾನೂ ಮಗಳೂ ಜಗಲಿಯಲ್ಲಿ ಕೂತು 945ರ ಭಾಜಕ ಎಲ್ಲ ಬರೆದೆವು. ಒಟ್ಟು 16. ಅದರಲ್ಲಿ 1 ಉಳಿಯುವವು 1, 5, 9, 21, 45, 105, 189, 945. ಎಂಟು. 3 ಉಳಿಯುವವು 3, 7, 15, 27, 35, 63, 135, 315. ಅದೂ ಎಂಟು! ಸರಿಯಾಗಿ ಅರ್ಧ ಅರ್ಧ.

ಒಂದಷ್ಟು ಸಸಿ ಹಾಳಾಗಿ 900 ಮಾತ್ರ ಉಳಿದರೆ ಎಂತ ಅಂತ ಅದನ್ನೂ ನೋಡಿದೆವು. 900ರ ಬೆಸ ಭಾಜಕ ಒಂಬತ್ತು. 1 ಉಳಿಯುವವು 6, 3 ಉಳಿಯುವವು ಬರೀ 3.

ಮಗಳು ಕೇಳಿದಳು, "ಅಪ್ಪಾ, ಮೂರರ ಗುಂಪು ಜಾಸ್ತಿ ಇರುವ ಸಂಖ್ಯೆ ಯಾವುದು?" ಅಂತ. ರಾತ್ರಿ ಹನ್ನೊಂದರವರೆಗೆ ಹುಡುಕಿದೆವು. ಸಿಗಲಿಲ್ಲ. ಗೊತ್ತಿದ್ದವರು ಹೇಳಬೇಕು. 945ರಲ್ಲಿ ಅರ್ಧ ಅರ್ಧ ಯಾಕೆ? ಮೂರರ ಗುಂಪು ಯಾವಾಗಲಾದರೂ ಗೆಲ್ಲುತ್ತದಾ?

ಉಪ್ಪಳದ ಹುಡುಗ

ಅಣ್ಣಾ, ನನಗೆ ಒಂದು ಸಿಕ್ಕಿತು. 99. ಅದರ ಭಾಜಕ 3, 9, 11, 33, 99. ಒಂದರ ಗುಂಪಿನಲ್ಲಿ 9, 33. ಮೂರರ ಗುಂಪಿನಲ್ಲಿ 3, 11, 99. ಮೂರು ಗೆದ್ದಿತು.

ನೀರ್ಚಾಲು ಟೀಚರ್

ತಮ್ಮಾ, 1ನ್ನು ಬಿಟ್ಟಿದ್ದೀರಿ. 1 ಎಲ್ಲ ಸಂಖ್ಯೆಗೂ ಭಾಜಕ. ಅದನ್ನು ಸೇರಿಸಿದರೆ 3ಕ್ಕೆ 3. ಸಮ. ನನ್ನ ಕ್ಲಾಸಿನಲ್ಲಿಯೂ ಹತ್ತು ಮಕ್ಕಳಲ್ಲಿ ನಾಲ್ಕು ಮಂದಿ 1ನ್ನು ಬಿಡುತ್ತಾರೆ. ಈ ಲೆಕ್ಕದಲ್ಲಿ 1 ಇದೆಯಲ್ಲ, ಅದೇ ಮುಖ್ಯ. ಆಮೇಲೆ ನೋಡುವಿರಿ.

ತೋಟದಮನೆಯವರೇ, ಮಗಳ ಪ್ರಶ್ನೆ ತುಂಬ ಒಳ್ಳೆಯದು. ಮೂರರ ಗುಂಪು ಯಾವತ್ತೂ ಗೆಲ್ಲುವುದಿಲ್ಲ. ಯಾಕೆ ಅಂತ ಅವಳಿಗೆ ಅರ್ಥ ಆಗುವ ಹಾಗೆ ಹೇಳಲು ನೋಡುತ್ತೇನೆ.

945 ಅಂದರೆ 3×3×3×5×7. ಇದರಲ್ಲಿ 7 ಒಂದೇ ಸಲ ಉಂಟು. 7 ಇಲ್ಲದ ಭಾಜಕ ಒಂದನ್ನು ತೆಗೆದುಕೊಳ್ಳಿ, ಅದಕ್ಕೆ 7 ಗುಣಿಸಿ. 7 ಇರುವ ಭಾಜಕ ಬಂತು. ಹೀಗೆ ಹದಿನಾರೂ ಎಂಟು ಜೋಡಿಯಾಗುತ್ತವೆ: 1–7, 3–21, 5–35, 9–63, 15–105, 27–189, 45–315, 135–945. ಈಗ ಶೇಷ ನೋಡಿ. 7ನ್ನು 4ರಿಂದ ಭಾಗಿಸಿದರೆ 3 ಉಳಿಯುತ್ತದೆ. 1 ಉಳಿಯುವ ಸಂಖ್ಯೆಗೆ 7 ಗುಣಿಸಿದರೆ 3 ಉಳಿಯುತ್ತದೆ. 3 ಉಳಿಯುವ ಸಂಖ್ಯೆಗೆ ಗುಣಿಸಿದರೆ 3×3=9, ಅಂದರೆ 1 ಉಳಿಯುತ್ತದೆ. ಹಾಗಾಗಿ ಪ್ರತಿ ಜೋಡಿಯಲ್ಲೂ ಒಬ್ಬ ಒಂದರ ಗುಂಪಿಗೆ, ಇನ್ನೊಬ್ಬ ಮೂರರ ಗುಂಪಿಗೆ. ಅರ್ಧ ಅರ್ಧ ಬಂದದ್ದು ಹೀಗೆ.

900ರಲ್ಲಿ ಎಂತ ಬೇರೆ? ಅದರ ಬೆಸ ಭಾಗ 225, ಅಂದರೆ 3×3×5×5. 3 ಎರಡು ಸಲ. ಅದರ ಸರಣಿ 1, 3, 9. ಶೇಷ 1, 3, 1. 1ಕ್ಕೂ 3ಕ್ಕೂ ಜೋಡಿ ಕಟ್ಟಿದರೆ 9 ಒಂಟಿ. ಆ ಒಂಟಿಯ ಶೇಷ 1. ಅದಕ್ಕೆ 1, 5, 25 ಗುಣಿಸಿದರೆ 9, 45, 225. ಈ ಮೂರು ಒಂದರ ಗುಂಪಿಗೆ ಲಾಭ. ಉಳಿದ ಆರು ಜೋಡಿಯಾಗಿ ಸಮ. ಹಾಗಾಗಿ 6 ಮತ್ತು 3.

ಇನ್ನು ಯಾವ ಸಂಖ್ಯೆಗಾದರೂ ನೀವೇ ಹೇಳಬಹುದು. 3, 7, 11, 19 ಹೀಗೆ 3 ಉಳಿಯುವ ಜಾತಿಯ ಅವಿಭಾಜ್ಯ ಯಾವುದಾದರೂ ಬೆಸ ಸಲ ಬಂದರೆ ಎರಡು ಗುಂಪೂ ಸಮ. ಎಲ್ಲವೂ ಸರಿ ಸಲ (ಸೊನ್ನೆ, ಎರಡು, ನಾಲ್ಕು ಹೀಗೆ) ಬಂದರೆ ಒಂದರ ಗುಂಪು ಮುಂದೆ. ಎಷ್ಟು ಮುಂದೆ ಅನ್ನುವುದು 5, 13, 17, 29 ಹೀಗೆ 1 ಉಳಿಯುವ ಜಾತಿಯ ಅವಿಭಾಜ್ಯಗಳ ಮೇಲೆ ನಿಂತಿದೆ. ಪ್ರತಿಯೊಂದು ಎಷ್ಟು ಸಲ ಬಂತೋ ಅದಕ್ಕೆ 1 ಸೇರಿಸಿ, ಎಲ್ಲ ಗುಣಿಸಿ. ಬಂದದ್ದೇ ಮುನ್ನಡೆ. ಅದು ಸೊನ್ನೆ ಆಗಬಹುದು, ಸೊನ್ನೆಗಿಂತ ಕೆಳಗೆ ಹೋಗುವ ದಾರಿಯೇ ಇಲ್ಲ.

ತೋಟದಮನೆ, ಪೆರ್ಲ

ಟೀಚರೇ, ಆ ಎಂಟು ಜೋಡಿಯನ್ನು ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಸೇರಿಸಿದಳು. 135–945 ಹತ್ತಿರ ಬಂದಾಗ ಅವಳ ಮುಖ ನೋಡಬೇಕಿತ್ತು. ಅವಳು ಏಳನೇ ಕ್ಲಾಸು, ಕನ್ನಡ ಮಾಧ್ಯಮ.

ಉಪ್ಪಳದ ಹುಡುಗ

1 ಬಿಟ್ಟದ್ದು ನನ್ನ ತಪ್ಪು ಟೀಚರೇ. ಇನ್ನೊಂದು ಗಮನಿಸಿದೆ. 945ನ್ನೇ 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಸಾಲಿಗೆ 21 ಸಸಿ ಇಟ್ಟರೆ ಸಾಲುಗಳು 45, ಅದಕ್ಕೂ ಶೇಷ 1. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ತಾನಾಗಿ ಸರಿಯಾಗುತ್ತದೆ. ನಾಲ್ಕು ಸಾಲಿಗೊಮ್ಮೆ ಪೈಪು ಎಳೆದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಪೈಪು ಬರುತ್ತದೆ. 12 ಪೈಪು, ಒಂದರಲ್ಲಿ 6 ಜೆಟ್, ಒಟ್ಟು 72. ನಾಲ್ಕು ಮೂಲೆಯಲ್ಲೂ ಜೆಟ್.

ತಾಳವಾಡಿಯಿಂದ

ನಾವು ತಮಿಳುನಾಡಿನ ಈರೋಡು ಜಿಲ್ಲೆಯ ಕನ್ನಡದವರು. ಈರೋಡು ಅಂದಮೇಲೆ ರಾಮಾನುಜನ್ ಹೆಸರು ಹೇಳದೆ ಇರಲಾಗುವುದಿಲ್ಲ. 1887ರ ಡಿಸೆಂಬರ್ 22ರಂದು ಹುಟ್ಟಿದ್ದು ಈರೋಡಿನಲ್ಲಿ. ತನಗಿಂತ ಚಿಕ್ಕ ಸಂಖ್ಯೆಗಳಿಗಿಂತ ಜಾಸ್ತಿ ಭಾಜಕ ಇರುವ ಸಂಖ್ಯೆಗಳ ಮೇಲೆ ಅವರು 1915ರಲ್ಲಿ ಉದ್ದದ ಲೇಖನ ಪ್ರಕಟಿಸಿದರು. ಆ ಸಾಲಿನಲ್ಲಿ 1000ದ ಒಳಗೆ ಕೊನೆಯದು 840. ಭಾಜಕ 32. ಅಣ್ಣಾ, 945 ಬಿಟ್ಟು 840 ಸಸಿ ಇಟ್ಟರೆ ಸಾಲು ಹಾಕಲು ಎರಡರಷ್ಟು ದಾರಿ ಸಿಗುತ್ತದಲ್ಲ?

ನೀರ್ಚಾಲು ಟೀಚರ್

ಇದು ಒಳ್ಳೆಯ ಹೋಲಿಕೆ. ಆದರೆ ಅವರ ಜೆಟ್ಟಿಗೆ ಬೇಕಾದದ್ದು ಎಲ್ಲ ಭಾಜಕ ಅಲ್ಲ, ಒಂದರ ಗುಂಪು ಮಾತ್ರ. 840 ಅಂದರೆ 2×2×2×3×5×7. 32ರಲ್ಲಿ 24 ಸರಿ ಸಂಖ್ಯೆಗಳೇ. ಬೆಸ ಭಾಜಕ ಎಂಟು, ಅದರಲ್ಲಿ 3 ಒಂದೇ ಸಲ ಇರುವುದರಿಂದ ಅರ್ಧಕ್ಕರ್ಧ. ಕೈಗೆ ಸಿಕ್ಕಿದ್ದು 1, 5, 21, 105. ನಾಲ್ಕೇ.

ಒಂದರ ಗುಂಪಿನ ಲೆಕ್ಕಕ್ಕೆ ಹೀಗೆ ಮಾಡಿ. ಬೆಸ ಭಾಜಕ ಎಷ್ಟು ಅಂತ ನೋಡಿ, ಅದಕ್ಕೆ ಮೇಲೆ ಹೇಳಿದ ಮುನ್ನಡೆ ಸೇರಿಸಿ, ಅರ್ಧ ಮಾಡಿ. 945ಕ್ಕೆ 16, 0, ಹಾಗಾಗಿ 8.

ನಿನ್ನೆ ರಾತ್ರಿ ಕೂತು 1000ದ ಒಳಗೆ ಎಲ್ಲ ನೋಡಿದೆ. 8ಕ್ಕಿಂತ ಜಾಸ್ತಿ ಯಾವುದಕ್ಕೂ ಇಲ್ಲ. 8 ಇರುವವು ಮೂರೇ ಮೂರು: 585, 765, 945. 585 ಎಷ್ಟು ಚಂದ ನೋಡಿ. 3×3×5×13. ಒಟ್ಟು ಭಾಜಕ 12 ಮಾತ್ರ, ಆದರೆ ಮುನ್ನಡೆ 4. 12ಕ್ಕೆ 4 ಸೇರಿಸಿ ಅರ್ಧ ಮಾಡಿದರೆ 8. ಅವು 1, 5, 9, 13, 45, 65, 117, 585. ಮೂರರ ಗುಂಪಿನಲ್ಲಿ ನಾಲ್ಕೇ: 3, 15, 39, 195. ಸಸಿ 360 ಕಡಿಮೆ, ದಾರಿ ಅಷ್ಟೇ.

ಕುಂಬಳೆಯವ, ಈಗ ಬೆಂಗಳೂರು

ಸಾಫ್ಟ್‌ವೇರ್ ಕೆಲಸ ನನ್ನದು. ಟೀಚರ್ ಹೇಳಿದ್ದನ್ನು ಕಂಪ್ಯೂಟರಿಗೆ ಹಾಕಿ ಹತ್ತು ಲಕ್ಷದವರೆಗೆ ಓಡಿಸಿದೆ. ಮೂರರ ಗುಂಪು ಒಂದು ಸಲವೂ ಗೆಲ್ಲಲಿಲ್ಲ.

ಆದರೆ ಓಡಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೊಂದೇ ಸಂಖ್ಯೆ ನೋಡುವುದನ್ನು ಬಿಟ್ಟು, 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳ ಭಾಜಕಗಳನ್ನೂ ಒಟ್ಟಿಗೆ ರಾಶಿ ಹಾಕಿದೆ. ಒಟ್ಟು 482. ಒಂದರ ಗುಂಪು 177, ಮೂರರ ಗುಂಪು 98. ವ್ಯತ್ಯಾಸ 79. ಹತ್ತು ಸಾವಿರದವರೆಗೆ ಹೋದರೆ ವ್ಯತ್ಯಾಸ 7,854. ಹತ್ತು ಲಕ್ಷಕ್ಕೆ 7,85,387. 79, 7854, 785… ಈ ಅಂಕಿಗಳನ್ನು ಎಲ್ಲೋ ನೋಡಿದ ಹಾಗೆ ಅನ್ನಿಸುತ್ತಿದೆ. ಯಾರಿಗಾದರೂ ಹೊಳೆಯುತ್ತದಾ?

ಮಂಜೇಶ್ವರದ ನಿವೃತ್ತ ಮಾಷ್ಟ್ರು

ಹೊಳೆಯಿತು. ನಾಲ್ಕರಿಂದ ಗುಣಿಸಿ ನೋಡಿ. 316, 31,416, 31,41,548. ಪೈ!

ಇದನ್ನು ನಿಧಾನಕ್ಕೆ ಹೇಳಬೇಕು, ಯಾಕೆಂದರೆ ಈ ಲೆಕ್ಕದ ಒಂದು ಬೇರು ನಮ್ಮ ಕಾಸರಗೋಡು ಇರುವ ಈ ಕೇರಳದಲ್ಲೇ ಉಂಟು.

ರಾಶಿಯಲ್ಲಿ ಒಂದೊಂದು ಭಾಜಕ ಎಷ್ಟು ಸಲ ಬರುತ್ತದೆ ಅಂತ ಮೊದಲು ನೋಡುವ. 1 ನೂರು ಸಲ ಬರುತ್ತದೆ. 3 ಬರುವುದು 3, 6, 9 ಹೀಗೆ ಮೂರಕ್ಕೊಂದರಂತೆ, ಒಟ್ಟು 33 ಸಲ. 5 ಇಪ್ಪತ್ತು ಸಲ. 7 ಹದಿನಾಲ್ಕು ಸಲ. 9 ಹನ್ನೊಂದು ಸಲ. ಒಂದರ ಗುಂಪಿನದ್ದು ಕೂಡಿಸಿ, ಮೂರರ ಗುಂಪಿನದ್ದು ಕಳೆಯಿರಿ. 100 − 33 + 20 − 14 + 11 − 9 … ಹೀಗೆ 99ರವರೆಗೆ ಹೋದರೆ 79 ಬರುತ್ತದೆ. ನಾನು ಕಾಗದದ ಮೇಲೆ ಮಾಡಿ ನೋಡಿದೆ, ಕುಂಬಳೆಯವರ ಕಂಪ್ಯೂಟರ್ ಸರಿಯಾಗಿಯೇ ಹೇಳಿದೆ.

ಈಗ ತುಂಡು ಬಿಟ್ಟುಹೋಗುವುದನ್ನು ಲೆಕ್ಕಿಸದೆ ಬರೆದರೆ ಇದು 100ನ್ನು 1 − 1/3 + 1/5 − 1/7 + 1/9 … ಇದರಿಂದ ಗುಣಿಸಿದ ಹಾಗೆ. ಈ ಸರಣಿ ಪೈಯ ಕಾಲು ಭಾಗಕ್ಕೆ ಹೋಗಿ ಸೇರುತ್ತದೆ ಅಂತ ಸಂಗಮಗ್ರಾಮದ ಮಾಧವನಿಗೆ ಗೊತ್ತಿತ್ತು. ಅವನು ಹದಿನಾಲ್ಕನೇ ಶತಮಾನದ ಹೊತ್ತಿನ ಕೇರಳದ ಗಣಿತಜ್ಞ. ಯುರೋಪಿನಲ್ಲಿ ಲೈಬ್ನಿಟ್ಸ್ ಇದನ್ನು ಕಂಡದ್ದು ಹದಿನೇಳನೇ ಶತಮಾನದಲ್ಲಿ. ಮಾಧವನ ಪರಂಪರೆಯ ಜ್ಯೇಷ್ಠದೇವ ಹದಿನಾರನೇ ಶತಮಾನದಲ್ಲಿ ಇದಕ್ಕೆ ಪುರಾವೆಯನ್ನೂ ಬರೆದಿಟ್ಟ. ಅದೂ ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ. ಊರಿನ ಮಾತಿನಲ್ಲಿ ಗಣಿತ ಬರೆಯಬಹುದು ಅನ್ನುವುದಕ್ಕೆ ನಾನು ಮಕ್ಕಳಿಗೆ ಯಾವಾಗಲೂ ಅವನ ಹೆಸರು ಹೇಳುತ್ತಿದ್ದೆ. ಕನ್ನಡದಲ್ಲಿ ಗಣಿತ ಕಲಿತರೆ ಮುಂದೆ ಕಷ್ಟ ಅನ್ನುವ ಮಾತು ನಮ್ಮ ಕಡೆ ಪ್ರತಿ ಮನೆಯಲ್ಲೂ ಕೇಳುತ್ತದೆ. ಇಲ್ಲಿ ಇಷ್ಟು ಮಂದಿ ಕನ್ನಡದಲ್ಲೇ ಇದನ್ನು ಬಿಡಿಸುತ್ತಿರುವುದು ನೋಡಿ ನನಗೆ ನಿಜಕ್ಕೂ ಸಂತೋಷ ಆಯಿತು.

ಇನ್ನೊಂದು ದಾರಿಯಿಂದಲೂ ಇಲ್ಲಿಗೇ ಬರಬಹುದು. ಗ್ರಾಫ್ ಹಾಳೆ ತೆಗೆದುಕೊಳ್ಳಿ. ಗೆರೆಗಳು ಸೇರುವ ಒಂದು ಬಿಂದುವಿನಲ್ಲಿ ಕೈವಾರದ ಮುಳ್ಳು ಇಟ್ಟು 10 ಮನೆ ತ್ರಿಜ್ಯದ ವೃತ್ತ ಎಳೆಯಿರಿ. ವೃತ್ತದ ಒಳಗೂ ವೃತ್ತದ ಗೆರೆಯ ಮೇಲೂ ಇರುವ ಅಂಥ ಬಿಂದುಗಳನ್ನು ಎಣಿಸಿ. 317 ಬರುತ್ತದೆ. ನಡುವಿನದ್ದು ಬಿಟ್ಟರೆ 316. ನಾಲ್ಕರಿಂದ ಭಾಗಿಸಿ, 79! ಇದು ಆಕಸ್ಮಿಕ ಅಲ್ಲ. ನಡುವಿನಿಂದ ಒಂದು ಬಿಂದುವಿಗೆ ಅಡ್ಡಕ್ಕೆ ಎಷ್ಟು ಮನೆ, ನೆಟ್ಟಗೆ ಎಷ್ಟು ಮನೆ ಅಂತ ನೋಡಿ ಎರಡರ ವರ್ಗವನ್ನೂ ಕೂಡಿಸಿದರೆ 1ರಿಂದ 100ರವರೆಗಿನ ಒಂದು ಸಂಖ್ಯೆ ಬರುತ್ತದೆ. ಒಂದು ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು ಅನ್ನುವುದಕ್ಕೆ ಜರ್ಮನಿಯ ಗಣಿತಜ್ಞ ಜಾಕೋಬಿ 1829ರಲ್ಲಿ ಕೊಟ್ಟ ಉತ್ತರ ಟೀಚರ್ ಹೇಳಿದ ಅದೇ ಮುನ್ನಡೆಯ ನಾಲ್ಕರಷ್ಟು. ಹಿಂದೆಮುಂದೆ ಮಾಡಿದ್ದು, ಋಣ ಚಿಹ್ನೆ ಹಾಕಿದ್ದು ಎಲ್ಲವನ್ನೂ ಬೇರೆ ಬೇರೆ ಎಣಿಸಬೇಕು.

585ರ ಮುನ್ನಡೆ 4, ಹಾಗಾಗಿ 16 ಬಗೆ. ಚಿಹ್ನೆ, ಕ್ರಮ ಬಿಟ್ಟರೆ ಎರಡು: 24×24 + 3×3, ಮತ್ತೆ 21×21 + 12×12. ಮಾಡಿ ನೋಡಿ. 945ರ ಮುನ್ನಡೆ ಸೊನ್ನೆ. ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ. ಮೂರರ ಗುಂಪು ಯಾಕೆ ಗೆಲ್ಲಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ ಅಲ್ವಾ? ಬಗೆಗಳ ಸಂಖ್ಯೆ ಸೊನ್ನೆಗಿಂತ ಕಡಿಮೆ ಆಗುವುದುಂಟೇ!

ಕುಂಬಳೆಯವ, ಈಗ ಬೆಂಗಳೂರು

ಮಾಷ್ಟ್ರೇ, ಮೈ ಜುಮ್ಮೆಂದಿತು. ಆಫೀಸಿನಲ್ಲಿ ಪಕ್ಕದವರಿಗೆ ಗ್ರಾಫ್ ಹಾಳೆ ಪ್ರಿಂಟ್ ಮಾಡಿ ಕೊಟ್ಟು ಎಣಿಸಿಸಿದೆ. ಮೊದಲ ಸಲ 313 ಬಂತು. 6, 8 ಮನೆ ದೂರದ ಬಿಂದು ಸರಿಯಾಗಿ ಗೆರೆಯ ಮೇಲೆ ಬೀಳುತ್ತದೆ, ಅದರಲ್ಲಿ ನಾಲ್ಕನ್ನು ಬಿಟ್ಟಿದ್ದರು.

ತೋಟದಮನೆ, ಪೆರ್ಲ

ಎಲ್ಲರಿಗೂ ತುಂಬ ಉಪಕಾರ. ಪ್ಲಂಬರ್ ಬಂದು ನೋಡಿ ಹೋದ. ಕೆರೆಯ ನೀರಿಗೆ ಜೆಟ್ ಜಾಸ್ತಿಯಾಯಿತು, ಐದು ಸಸಿಗೊಂದು ಮಾಡಿದರೆ ಒತ್ತಡ ಸಾಕಾಗುತ್ತದೆ ಅಂದ. ಹಾಗಾದರೆ ಶ್ರೇಢಿ 1, 6, 11, 16, 21. ಇಲ್ಲಿಯೂ 1 ಉಳಿಯುವ ಗುಂಪೇ ಮುಂದೆ ಇರುತ್ತದಾ? ಮೂರು ಸಸಿಗೊಂದು, ಎಂಟು ಸಸಿಗೊಂದು ಅಂತಾದರೆ?

ಉಪ್ಪಳದ ಹುಡುಗ

ಈ ಸಲ 1ನ್ನು ಬಿಟ್ಟಿಲ್ಲ. 5ರಲ್ಲಿ ನಿಯಮ ಮುರಿಯುತ್ತದೆ. 14ನ್ನು ನೋಡಿ. ಭಾಜಕ 1, 2, 7, 14. 5ರಿಂದ ಭಾಗಿಸಿದಾಗ ಶೇಷ 1, 2, 2, 4. ಎರಡರ ಗುಂಪಿನಲ್ಲಿ ಎರಡು, ಒಂದರ ಗುಂಪಿನಲ್ಲಿ ಒಂದೇ. 14ಕ್ಕಿಂತ ಕೆಳಗೆ ಹೀಗೆ ಮುರಿಯುವ ಸಂಖ್ಯೆ ಇಲ್ಲ. 12ರಲ್ಲಿ ಹತ್ತಿರ ಬರುತ್ತದೆ, 2ಕ್ಕೆ 2.

3ರಲ್ಲಿ ಎಷ್ಟು ಹುಡುಕಿದರೂ ಮುರಿಯಲಿಲ್ಲ. 8ರಲ್ಲಿಯೂ ಇಲ್ಲ. 7ರಲ್ಲಿ 46 ಸಿಕ್ಕಿತು: 1, 2, 23, 46, ಶೇಷ 1, 2, 2, 4. 9ರಲ್ಲಿ 22: 1, 2, 11, 22, ಶೇಷ 1, 2, 2, 4. 10ರಲ್ಲಿ 39: 1, 3, 13, 39, ಶೇಷ 1, 3, 3, 9. 6, 12 ಎರಡೂ ಮುರಿಯಲಿಲ್ಲ. ಯಾವುದು ಮುರಿಯುತ್ತದೆ, ಯಾವುದು ಮುರಿಯುವುದಿಲ್ಲ ಅನ್ನುವುದಕ್ಕೆ ಏನಾದರೂ ಕಾರಣ ಇರಲೇಬೇಕು ಟೀಚರೇ.

ನೀರ್ಚಾಲು ಟೀಚರ್

ಕಾರಣ ಉಂಟು. ಎರಡು ದಿನ ಇದೇ ತಲೆಯಲ್ಲಿ ಓಡುತ್ತಿತ್ತು. ಬಸ್ಸಿನಲ್ಲಿ ಬದಿಯಡ್ಕ ದಾಟುವಾಗ ಸರಿಯಾಗಿ ಕೂತಿತು. ನಿಯಮ ಎಂದೂ ಮುರಿಯದೆ ಇರುವುದು 24ರ ಭಾಜಕಗಳಿಗೆ ಮಾತ್ರ: 1, 2, 3, 4, 6, 8, 12, 24. ಬೇರೆ ಯಾವುದಕ್ಕೂ ಇಲ್ಲ.

ನಾನು ಹೇಳುವುದು ಭಾಗಿಸುವ ಸಂಖ್ಯೆಯ ಜೊತೆ ಸಾಮಾನ್ಯ ಭಾಜಕ ಇಲ್ಲದ ಶೇಷಗಳ ನಡುವಿನ ಸ್ಪರ್ಧೆ. 4ರಲ್ಲಿ ಆದರೆ 1 ಮತ್ತು 3. ಸೊನ್ನೆ ಉಳಿಯುವ ಗುಂಪನ್ನು ಇದರಲ್ಲಿ ಸೇರಿಸಬೇಡಿ. 16ರ ಭಾಜಕಗಳಲ್ಲಿ 4, 8, 16 ಮೂರೂ ಸೊನ್ನೆಯ ಗುಂಪಿಗೇ ಹೋಗುತ್ತವೆ, ಅದು ಬೇರೆ ಕಥೆ.

24ರಲ್ಲಿ ವಿಶೇಷ ಎಂತ? 24ರ ಜೊತೆ ಸಾಮಾನ್ಯ ಭಾಜಕ ಇಲ್ಲದ ಶೇಷಗಳು 1, 5, 7, 11, 13, 17, 19, 23. ಇವುಗಳ ವರ್ಗ ಮಾಡಿ 1 ಕಳೆಯಿರಿ: 0, 24, 48, 120, 168, 288, 360, 528. ಎಲ್ಲವೂ 24ರಿಂದ ಭಾಗ ಹೋಗುತ್ತವೆ! ಅಂದರೆ ಯಾವ ಶೇಷವನ್ನಾದರೂ ಅದರಿಂದಲೇ ಗುಣಿಸಿದರೆ 1ಕ್ಕೇ ವಾಪಸು. 24ರ ಭಾಜಕಗಳಿಗೂ ಈ ಗುಣ ಉಂಟು. 5ಕ್ಕೆ ಇಲ್ಲ, ಯಾಕೆಂದರೆ 2×2 = 4. 9ಕ್ಕೂ ಅದೇ. 16ಕ್ಕೆ ಇಲ್ಲ, 3×3 = 9.

ಈ ಗುಣ ಇಲ್ಲದಿದ್ದರೆ ಮುರಿಯುವುದು ಸುಲಭ, ಉಪ್ಪಳದ ತಮ್ಮ ಮಾಡಿದ್ದು ಅದನ್ನೇ. ವರ್ಗ ಮಾಡಿದರೆ 1ಕ್ಕೆ ಬಾರದ ಒಂದು ಶೇಷ ಹಿಡಿಯಿರಿ. ಅದೇ ಶೇಷ ಇರುವ ಎರಡು ಬೇರೆ ಬೇರೆ ಅವಿಭಾಜ್ಯ ಹುಡುಕಿ, ಗುಣಿಸಿ. ಭಾಜಕ ನಾಲ್ಕು. ಎರಡು ಆ ಶೇಷಕ್ಕೆ, 1ಕ್ಕೆ ಒಂದೇ. ಅಂಥ ಎರಡು ಅವಿಭಾಜ್ಯ ಸಿಕ್ಕೇ ಸಿಗುತ್ತವಾ? ಸಿಗುತ್ತವೆ. ಮೊದಲ ಪದಕ್ಕೂ ಅಂತರಕ್ಕೂ ಸಾಮಾನ್ಯ ಭಾಜಕ ಇಲ್ಲದ ಸಮಾಂತರ ಶ್ರೇಢಿಯಲ್ಲಿ ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಅಂತ ಡಿರಿಕ್ಲೆ ಅನ್ನುವ ಗಣಿತಜ್ಞ 1837ರಲ್ಲಿ ಸಾಧಿಸಿದ್ದಾನೆ. 48ಕ್ಕೆ ಬೇಕಾದರೆ 5, 53. ಗುಣಿಸಿದರೆ 265. ಶೇಷ 1, 5, 5, 25.

ಇನ್ನು ಆ ಗುಣ ಇದ್ದರೆ ಒಂದರ ಗುಂಪು ಯಾಕೆ ಸೋಲುವುದಿಲ್ಲ? ಇಲ್ಲಿ ವೀಳ್ಯದೆಲೆಯ ಹಾಗೆ ಕಟ್ಟು ಕಟ್ಟುವ. ಭಾಗಿಸುವ ಸಂಖ್ಯೆಯ ಭಾಜಕ ಅಲ್ಲದ ಒಂದು ಅವಿಭಾಜ್ಯದ ಸರಣಿ ತೆಗೆದುಕೊಳ್ಳಿ: 1, ಅವಿಭಾಜ್ಯ, ಅದರ ವರ್ಗ, ಘನ. ಅವಿಭಾಜ್ಯದ ಶೇಷ ಗ ಅಂತ ಇಟ್ಟುಕೊಂಡರೆ ಸರಣಿಯ ಶೇಷ 1, ಗ, 1, ಗ ಹೀಗೇ ಹೋಗುತ್ತದೆ. ಎರಡೆರಡರ ಕಟ್ಟು ಮಾಡಿ. ಪ್ರತಿ ಕಟ್ಟಿನಲ್ಲೂ ಒಂದು 1, ಒಂದು ಗ. ಒಂಟಿ ಉಳಿದರೆ ಅದು 1 ಆಗಿಯೇ ಇರುತ್ತದೆ, ಯಾವಾಗಲೂ.

ಈಗ ಪ್ರತಿ ಅವಿಭಾಜ್ಯದಿಂದ ಒಂದೊಂದು ಕಟ್ಟು ಎತ್ತಿ ಗುಣಿಸಿ. ಮೊದಲಿಗೆ ಕೈಯಲ್ಲಿ 1 ಮಾತ್ರ. 1, ಗ ಇರುವ ಕಟ್ಟು ಬಂದಾಗ ಎರಡೇ ಸಾಧ್ಯತೆ. ಗ ಮೊದಲೇ ನಮ್ಮ ಗುಂಪಿನಲ್ಲಿ ಇದ್ದರೆ ಎಲ್ಲವೂ ಎರಡರಷ್ಟಾಗುತ್ತವೆ. ಇಲ್ಲದಿದ್ದರೆ ಅಷ್ಟೇ ದೊಡ್ಡ ಹೊಸ ಗುಂಪು ಪಕ್ಕದಲ್ಲಿ ಬಂದು ಸೇರುತ್ತದೆ. ಎರಡರಲ್ಲೂ ಕೈಯಲ್ಲಿರುವ ಶೇಷಗಳೆಲ್ಲ ಸಮ ಸಮವಾಗಿಯೇ ಇರುತ್ತವೆ. ಅವುಗಳಲ್ಲಿ 1 ಯಾವಾಗಲೂ ಉಂಟು. ಬೇರೆ ಶೇಷ ಇರಬಹುದು, ಇಲ್ಲದಿರಬಹುದು. ಎಲ್ಲ ಬಗೆಯ ಕಟ್ಟುಗಳನ್ನೂ ಹೀಗೆ ಕೂಡಿಸಿದರೆ 1ನ್ನು ಹಿಂದೆ ಹಾಕಲು ಯಾರಿಗೂ ಅವಕಾಶ ಇಲ್ಲ.

945ನ್ನು 8ರಲ್ಲಿ ಮಾಡಿ ನೋಡಿ. 3ರಿಂದ ಎರಡು ಕಟ್ಟು, 5ರಿಂದ ಒಂದು, 7ರಿಂದ ಒಂದು. 3, 5 ಸೇರಿದಾಗ 1, 3, 5 ಜೊತೆಗೆ 15, ಅಂದರೆ 7. ನಾಲ್ಕೂ ಶೇಷ ಬಂತು. 7 ಮೊದಲೇ ಇರುವುದರಿಂದ ಮುಂದಿನ ಕಟ್ಟು ಎರಡರಷ್ಟು ಮಾಡುತ್ತದೆ. 3ರ ಎರಡು ಕಟ್ಟಿಗೂ ಹೀಗೆಯೇ. ಪ್ರತಿ ಶೇಷಕ್ಕೆ ನಾಲ್ಕು. ಎಂಟು ಸಸಿಗೊಂದು ಜೆಟ್ ಆದರೆ ಸಾಲಿಗೆ 1, 9, 105, 945.

ತಾಳವಾಡಿಯಿಂದ

ಟೀಚರಮ್ಮಾ, ಆ ಕಟ್ಟಿನ ಮಾತು ಮೂರು ಸಲ ಓದಿದೆ. ಮೂರನೇ ಸಲ ಹತ್ತಿತು. 24ರ ಪಟ್ಟಿಯನ್ನು ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ.

ಉಪ್ಪಳದ ಹುಡುಗ

ಟೀಚರೇ, ಕಾಲೇಜಿನಲ್ಲಿ ಇದನ್ನೇ ಬೇರೆ ಹೆಸರುಗಳಲ್ಲಿ ಕಲಿಸುತ್ತಾರೆ, ಗುಂಪು, ಉಪಗುಂಪು ಅಂತ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಎರಡರಷ್ಟಾಗುತ್ತದೆ ಅಥವಾ ಪಕ್ಕದಲ್ಲಿ ಬಂದು ಸೇರುತ್ತದೆ ಅನ್ನುವಾಗ ಅದೆಲ್ಲ ಎಂತ ಅಂತ ಈಗ ಗೊತ್ತಾಯಿತು.

ತೋಟದಮನೆ, ಪೆರ್ಲ

ಐದು ಸಸಿಗೊಂದು ಬೇಡ ಅಂತ ತೀರ್ಮಾನ ಮಾಡಿದೆವು. 5ರಲ್ಲಿ ನೋಡಿದರೆ 945ರ ಭಾಜಕಗಳಲ್ಲಿ ಶೇಷ 1 ಇರುವವು 1, 21 ಎರಡೇ. 21 ಇಟ್ಟರೂ ಸಾಲುಗಳು 45, ಅದನ್ನು 5ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಕೊನೆಯ ಪೈಪು 41ನೇ ಸಾಲಿಗೇ ನಿಲ್ಲುತ್ತದೆ, ಆಚೆಯ ನಾಲ್ಕು ಸಾಲು ಒಣಗುತ್ತವೆ. ಪ್ಲಂಬರನ ಹತ್ತಿರ ಮಾತಾಡಿ ನಡುವೆ ಎರಡು ಗೇಟ್‌ವಾಲ್ ಹಾಕಿಸಿದೆವು. ಬೆಳಿಗ್ಗೆ 36 ಜೆಟ್, ಸಂಜೆ 36. ಒತ್ತಡ ಸಾಕಾಗುತ್ತದೆ.

ನಿನ್ನೆ ಗೂಟ ಹೊಡೆದು ಮುಗಿಯಿತು. 45 ಸಾಲು, ಸಾಲಿಗೆ 21. ಜೆಟ್ ಬರುವ ಕಡೆ ಗೂಟದ ತುದಿಗೆ ಕೆಂಪು ಬಣ್ಣ. ಮಗಳು ಎಣಿಸುತ್ತ ಎಣಿಸುತ್ತ ಮುಂದೆ ಹೋದಳು, ನಾನು ಬಣ್ಣದ ಡಬ್ಬಿ ಹಿಡಿದು ಹಿಂದೆ. ಕೊನೆಯ ಸಾಲಿನ ಕೊನೆಯ ಗೂಟಕ್ಕೆ ಬಂದಾಗ ಅವಳ ಬಾಯಲ್ಲಿ "ಎಪ್ಪತ್ತೆರಡು" ಇತ್ತು, ಬ್ರಷ್ಷಿನಲ್ಲಿ ಬಣ್ಣ ಇತ್ತು. ಬರುವ ವರ್ಷ ಮೇಲಿನ ತಟ್ಟಿಗೆ 585 ಸಸಿ ಎಬ್ಬಿಸಬೇಕು, ಸಾಲಿಗೆ 13ರಂತೆ 45 ಸಾಲು ಅಂತ ಅವಳೇ ಈಗ ನೋಟ್‌ಬುಕ್ಕಿನಲ್ಲಿ ಗೆರೆ ಹಾಕುತ್ತಿದ್ದಾಳೆ.